ಅಳತೆಗೋಲು ನಿಂತ ಜಾಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು, ಹಾಗಾಗಿ ಪದಗಳೂ ಅಷ್ಟಕ್ಕಷ್ಟೇ. ಗೊತ್ತಿಲ್ಲದ್ದನ್ನು ಮಾತ್ರ ಬರೆದಿಲ್ಲ. ಅನುಮಾನ ಬಂದ ಕಡೆಯೆಲ್ಲ ದೊಡ್ಡಮ್ಮನನ್ನು ಎರಡೆರಡು ಸಲ ಕೇಳಿದ್ದೇನೆ. ಇದು ಅವಳ ಕತೆ.

ದೊಡ್ಡಮ್ಮನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಟೇಪಿನವರು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ದೊಡ್ಡಪ್ಪನ ಹೊಲಿಗೆ ಅಂಗಡಿ. ಅವರು ಮನುಷ್ಯರನ್ನು ಅಳೆಯುತ್ತಾರೆ. ದೊಡ್ಡಮ್ಮ ಕಾಡಿನ ಗಿಡಗಳನ್ನು ಅಳೆಯುತ್ತಾಳೆ. ಸಂಜೆಯಾದರೆ ಎರಡು ಟೇಪೂ ಒಂದೇ ಗೂಟಕ್ಕೆ ನೇತು ಬೀಳುತ್ತವೆ. ಬೆಳಗಿನ ಗಡಿಬಿಡಿಯಲ್ಲಿ ಅದಲುಬದಲಾದದ್ದೂ ಉಂಟು. ಒಮ್ಮೆ ಕಾಡಿನ ಟೇಪು ಅಂಗಡಿಯಲ್ಲೇ ಉಳಿದು, ಅಂಚೆಯವನ ಸೊಂಟ ಸುತ್ತಿದ ದೊಡ್ಡಪ್ಪ, "ಸ್ವಾಮಿ, ನಿಮ್ಮದು ಎಂಬತ್ತೊಂಬತ್ತು" ಎಂದು ಇಂಚಿನ ಬದಲು ಸೆಂಟಿಮೀಟರಿನಲ್ಲಿ ಓದಿಬಿಟ್ಟರಂತೆ. ಆತ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಬೀದಿಯಲ್ಲಿ ಈಗಲೂ ಹೇಳುತ್ತಾರೆ.

"ನಿನ್ನ ಗಿರಾಕಿಗಳೇ ವಾಸಿ ಕಣೆ. ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೊಳ್ಳಲ್ಲ" ಎನ್ನುವುದು ದೊಡ್ಡಪ್ಪನ ಹಳೆಯ ವರಸೆ.

"ಬಟ್ಟೆ ಎಲ್ಲಿ, ಬಟ್ಟೆ ಎಲ್ಲಿ ಅಂತ ದಿನಾ ಬಾಗಿಲು ಬಡಿಯೋದೂ ಇಲ್ಲ" ಎನ್ನುತ್ತಾಳೆ ದೊಡ್ಡಮ್ಮ.

ಬೀದಿಯವರು ಅವಳನ್ನು ಕರೆಯುವುದು ಅಳತೆಯಮ್ಮ ಎಂದು. ಅವಳಿಗೆ ಅದರಲ್ಲಿ ಸಿಟ್ಟಿಲ್ಲ, ಸಂತೋಷವೂ ಇಲ್ಲ.

ಕೊನೆಯ ಬಸ್ ನಿಲ್ದಾಣದಲ್ಲಿ ಇಳಿದು ಅರ್ಧ ಗಂಟೆ ನಡೆದರೆ ಕಾಡಿನ ಅಂಚಿಗೆ ಸಂಶೋಧನಾ ಕೇಂದ್ರ. ಹೆಸರು ದೊಡ್ಡದು, ಇರುವುದು ಮೂರು ಕೋಣೆ. ಒಂದರಲ್ಲಿ ಮೇಜು ಮತ್ತು ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು. ಇನ್ನೊಂದರಲ್ಲಿ ಗುದ್ದಲಿ, ಹಗ್ಗ, ಬಣ್ಣದ ಡಬ್ಬಿ. ಮೂರನೆಯದಕ್ಕೆ ಬೀಗ. ಅದು ಮೇಡಂ ಬಂದಾಗ ಮಾತ್ರ ತೆರೆಯುತ್ತದೆ. ಮೇಡಂ ಎಂದರೆ ಮುಖ್ಯ ಕಚೇರಿಯ ವಿಜ್ಞಾನಿ, ವರ್ಷಕ್ಕೊಂದು ಸಲ ಬರುತ್ತಾರೆ. ಉಳಿದ ದಿನ ಅಲ್ಲಿರುವವರು ದೊಡ್ಡಮ್ಮ ಮತ್ತು ಕಾವಲಿನ ಮೌನಿ, ಇಬ್ಬರೇ. ಮೌನಿ ಎನ್ನುವುದು ಅಡ್ಡಹೆಸರು. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಹಾಗೆ ಕರೆಯುತ್ತಾರೆ.

ಕೇಂದ್ರ ಹುಟ್ಟಿದ್ದು ಒಂದು ಪ್ರಶ್ನೆಗೆ ಉತ್ತರ ಹುಡುಕಲು. ದೊಡ್ಡ ಮರಗಳ ಅಡಿಯಲ್ಲಿ, ನೆರಳಿನಲ್ಲಿ ನಿಂತಿರುವ ಎಳೆಯ ಮರಗಳಿಗೆ ಬೆಳಕು ಹೆಚ್ಚು ಸಿಕ್ಕರೆ ಅವು ಹೇಗೆ ಬೆಳೆಯುತ್ತವೆ? ಹನ್ನೆರಡು ವರ್ಷದ ಹಿಂದೆ ಕಾಡಿನ ಒಂದು ಕಡೆ ಆರು ದೊಡ್ಡ ಮರ ಕಡಿದು ಆಕಾಶಕ್ಕೆ ಕಿಂಡಿ ತೆಗೆದರು. ಅದು ಕಿಂಡಿ ಪ್ಲಾಟ್. ಕೂಗಿದರೆ ಕೇಳುವಷ್ಟು ದೂರದಲ್ಲಿ, ಏನನ್ನೂ ಕಡಿಯದೆ, ಅಷ್ಟೇ ಜಾಗಕ್ಕೆ ಹಗ್ಗ ಹಿಡಿದು ಗುರುತು ಹಾಕಿದರು. ಅದು ನೆರಳಿನ ಪ್ಲಾಟ್. ಒಂದೊಂದರಲ್ಲಿ ನೂರಿಪ್ಪತ್ತು ಗಿಡಗಳಿಗೆ ನಂಬರು ಕೊರೆದ ತಗಡಿನ ಚೀಟಿ ಕಟ್ಟಿದರು. ಎಲ್ಲ ಗಿಡಕ್ಕೂ ಅಲ್ಲ, ಸಾಲಿನಲ್ಲಿ ಒಂದು ಬಿಟ್ಟು ಒಂದಕ್ಕೆ. ಒಣಗಾಲ ಶುರುವಾದಾಗ ಎರಡು ವಾರ ಅಳತೆ. ಉಳಿದ ತಿಂಗಳೆಲ್ಲ ಬೇಲಿ ಕಟ್ಟುವುದು, ದಾರಿ ಸವರುವುದು, ಬೆಂಕಿ ಬೀಳದಂತೆ ತರಗೆಲೆ ಗುಡಿಸುವುದು.

"ನೆರಳಿನ ಪ್ಲಾಟನ್ನ ಮಾತ್ರ ಮುಟ್ಟಬೇಡಿ," ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. "ಅದು ಹೇಗಿದೆಯೋ ಹಾಗೇ ಇರ್ಬೇಕು. ಕಿಂಡಿಯಲ್ಲಿ ಬೆಳೆದದ್ದರಿಂದ ನೆರಳಲ್ಲಿ ಬೆಳೆದದ್ದನ್ನ ಕಳೆದರೆ ಉಳಿಯೋದೇ ಬೆಳಕಿನ ಪಾಲು. ಒಂದು ತಟ್ಟೆ ಅಲ್ಲಾಡಿದರೆ ತಕ್ಕಡಿಯೇ ಸುಳ್ಳು."

ಆ ಮಾತು ಹೇಳಿದಾಗ ಎದುರಿಗೆ ನಿಂತಿದ್ದದ್ದು ದೊಡ್ಡಮ್ಮನಲ್ಲ, ಬೇರೊಬ್ಬ. ಅವನು ಮೂರು ದಿನ ಅಳೆದ. ಕಲ್ಲಿನ ಮೇಲೆ ಕೂತು ಕಣ್ಣಳತೆಯಲ್ಲೇ ಪುಟ ತುಂಬಿಸುತ್ತಿದ್ದುದು ಗೊತ್ತಾಗಿ, ಅವನನ್ನು ಕಳಿಸಿ, ತರಗೆಲೆ ಗುಡಿಸಲು ಬಂದಿದ್ದ ದೊಡ್ಡಮ್ಮನ ಕೈಗೆ ಕೋಲು ಕೊಟ್ಟರು. ಆಗ ಅವಳಿಗೆ ಮೂವತ್ತಾರು. ಮೇಡಂ ಹೇಳಿದ್ದನ್ನೆಲ್ಲ ಅವಳು ಬಾಯಿಪಾಠ ಮಾಡಿದಳು, ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯನ್ನೂ ಕೂಡ.

ಅಳತೆಯ ದಿನಗಳಲ್ಲಿ ಅವಳ ಪದ್ಧತಿ ಹೀಗೆ. ಮೌನಿ ಪುಸ್ತಕ ಹಿಡಿಯುತ್ತಾನೆ, ಅವಳು ಗಿಡದ ನಂಬರನ್ನೂ ಸೆಂಟಿಮೀಟರಿನಲ್ಲಿ ಅಳತೆಯನ್ನೂ ಕೂಗುತ್ತಾಳೆ, ಅವನು ಅದನ್ನೇ ತಿರುಗಿ ಕೂಗಿ ಬರೆಯುತ್ತಾನೆ. ಬರೆಯುವ ಮುಂಚೆ ಪುಟವನ್ನು ಉದ್ದಕ್ಕೆ ಮಡಚಿ ಹಿಂದಿನ ವರ್ಷದ ಕಂಬಸಾಲು ಕಾಣದಂತೆ ಮಾಡಿರಬೇಕು. ಹಳೆಯ ಸಂಖ್ಯೆ ಕಂಡರೆ ಕಣ್ಣು ಅದಕ್ಕೆ ತಕ್ಕ ಹಾಗೆ ಓದುತ್ತದೆ ಎನ್ನುವುದು ಅವಳ ನಂಬಿಕೆ. "ಎತ್ತು ಈಯಿತು ಅಂತ ಪುಸ್ತಕ ಹೇಳಿದರೆ ನಾವು ಕೊಟ್ಟಿಗೆಗೆ ಕಟ್ಟಿಬಿಡ್ತೀವಿ" ಎನ್ನುತ್ತಾಳೆ. ಹಾಗಾಗಿ ಒಂದು ಗಿಡ ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆಯಿತು ಎನ್ನುವುದು ಅವಳಿಗೆ ಅಂಕಿಯಲ್ಲಿ ಗೊತ್ತಿರುತ್ತಿರಲಿಲ್ಲ. ಕೂಡಿ ಕಳೆಯುವ ಕೆಲಸವೆಲ್ಲ ಮುಖ್ಯ ಕಚೇರಿಯದು.

ಕಾಂಡದ ಸುತ್ತಳತೆಗೆ ಟೇಪು, ಎತ್ತರಕ್ಕೆ ಕೋಲು. ಅದು ನಾಲ್ಕು ಮೀಟರಿನ ಒಂದೇ ಮರದ ಕೋಲು, ಕೆಂಪು ಬಿಳಿ ಪಟ್ಟಿ ಬಳಿದದ್ದು. ಎರಡೂ ಪ್ಲಾಟಿಗೆ ಅದೇ ಕೋಲು, ಕಾಂಡಕ್ಕೆ ತಾಗಿಸಿ, ಓರೆಯಾಗದಂತೆ ನಿಲ್ಲಿಸಬೇಕು ಎಂದು ನಿಯಮ. ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಲು ದೊಡ್ಡಮ್ಮ ಗಾರೆಯವರ ದಾರದ ಗುಂಡನ್ನೇ ತಂದು ಕಟ್ಟಿಕೊಂಡಳು. ನೆರಳಿನ ಪ್ಲಾಟಿನ ಗಿಡಗಳಲ್ಲಿ ಅರ್ಧಕ್ಕರ್ಧ ಆಗ ಮೊಣಕಾಲಿನ ಎತ್ತರವಿದ್ದವು.

"ಇರುವೆ ಏರಿಸೋಕೆ ಏಣಿ ಹಾಕಿದ ಹಾಗಾಯ್ತಲ್ಲಕ್ಕ," ಎಂದಿದ್ದ ಮೌನಿ. "ಒಂದು ಮೋಟು ಕಡ್ಡಿ ಸಾಕಿತ್ತು."

"ಹಾಳೆಯಲ್ಲಿ ಹಾಗೆ ಬರೆದಿದೆಯಾ?"

"ಇಲ್ಲ."

"ಹಾಗಾದ್ರೆ ಬರಿ. ಅರವತ್ತಮೂರು, ನಲವತ್ತೇಳೂವರೆ."

"ಅರವತ್ತಮೂರು, ನಲವತ್ತೇಳೂವರೆ," ಎಂದು ಮೌನಿ ಮರುಕೂಗು ಕೂಗಿದ.

ಕಿಂಡಿ ಪ್ಲಾಟಿನಲ್ಲಿ ಏನಾಯಿತು ಎನ್ನುವುದನ್ನು ದೊಡ್ಡಮ್ಮ ಅಂಕಿಯಿಲ್ಲದೆಯೇ ಹೇಳಬಲ್ಲಳು. ಬೆಳಕು ಬಿದ್ದೊಡನೆ ಗಿಡಗಳು ನೆಗೆದುಬಿಡುತ್ತವೆ ಎಂದು ಎಲ್ಲರೂ ತಿಳಿದಿದ್ದರು. ಹಾಗಾಗಲಿಲ್ಲ. ಅಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದನ್ನು ಕೆಲಸದವರು ದಪ್ಪೆಲೆ ಎನ್ನುತ್ತಾರೆ, ಇನ್ನೊಂದನ್ನು ಬಿಳಿಕಡ್ಡಿ. ದಪ್ಪೆಲೆ ಗಿಡ ನೆರಳಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಸೊಂಟದೆತ್ತರಕ್ಕೇ ನಿಂತಿರಬಲ್ಲದು, ಸಾಯುವುದಿಲ್ಲ. ನೆರಳಿಗೆಂದೇ ಅಗಲವಾಗಿ ಬಿಟ್ಟುಕೊಂಡಿದ್ದ ಅದರ ಎಲೆಗಳು ಮೊದಲ ವರ್ಷದ ಬಿಸಿಲಿಗೆ ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ ಕಂದಿದವು. ಎಷ್ಟೋ ಗಿಡಗಳ ತುದಿ ಒಣಗಿ ಎತ್ತರ ಕಮ್ಮಿಯೇ ಆಯಿತು. ಬಿಳಿಕಡ್ಡಿ ಮಾತ್ರ ಆಳೆತ್ತರ ಓಡಿ, ಬೆರಳು ದಪ್ಪದ ಕಾಂಡದಲ್ಲಿ ತಲೆ ಹೊರಲಾರದೆ ಬಾಗಿತು.

ಎರಡನೆಯ ವರ್ಷ ದಪ್ಪೆಲೆಗೆ ಹೊಸ ಎಲೆ ಬಂತು. ಚಿಕ್ಕದು, ಗಟ್ಟಿ, ಹೊಳೆಯುವಂಥದು. ಆಗಲೂ ಎತ್ತರ ಅಷ್ಟೇ. ಆದರೆ ಕಾಂಡ ಹಿಡಿದರೆ ದಪ್ಪವಾದದ್ದು ಅಂಗೈಗೆ ಗೊತ್ತಾಗುತ್ತಿತ್ತು. ಬೇರೂ ಹಾಗೇ ಇಳಿದಿರಬೇಕು, ಅದನ್ನು ನೋಡಿದವರಿಲ್ಲ. ಮೂರನೆಯ ವರ್ಷ ಎದ್ದವು ನೋಡಿ. ಆಮೇಲೆ ಪ್ರತಿವರ್ಷ ಮೊಳ, ಒಂದೂವರೆ ಮೊಳ. ಐದನೆಯ ವರ್ಷಕ್ಕೆ ಬಾಗಿದ ಬಿಳಿಕಡ್ಡಿಗಳನ್ನು ದಾಟಿದವು. ಹತ್ತನೆಯ ವರ್ಷಕ್ಕೆ ನಾಲ್ಕು ಮೀಟರಿನ ಕೋಲು ಸಾಲದೆ, ಎತ್ತರದ ಗಿಡಗಳಿಗೆ ಜೋಡುಕೋಲು ತರಿಸಬೇಕಾಯಿತು. ಕೋಲಿನ ತುದಿ ನೋಡಲು ಕತ್ತೆತ್ತಿ ಎತ್ತಿ ದೊಡ್ಡಮ್ಮನ ಕುತ್ತಿಗೆಗೆ ನೋವು ಹತ್ತಿಕೊಂಡದ್ದೂ ಆಗಲೇ.

ನೆರಳಿನ ಪ್ಲಾಟಿನಲ್ಲಿ ಇಂಥ ಸುದ್ದಿಯೇನೂ ಇಲ್ಲ ಎಂದು ಅವಳು ತಿಳಿದಿದ್ದಳು.

ಅವಳು ಇಷ್ಟು ವರ್ಷವೂ ದಿನಗೂಲಿಯವಳೇ. ಖಾಯಂ ಮಾಡಿಕೊಳ್ಳಲು ನಲವತ್ತೆಂಟರ ಒಳಗಿರಬೇಕು, ಕೆಲಸದಲ್ಲಿ ಲೋಪವಿಲ್ಲ ಎಂದು ಮೇಲಿನವರು ಬರೆದು ಸಹಿ ಹಾಕಬೇಕು. ಹೋದ ವರ್ಷ ಒಣಗಾಲದ ಹೊತ್ತಿಗೆ ಅವಳಿಗೆ ನಲವತ್ತೇಳು ತುಂಬಿ ಐದು ತಿಂಗಳಾಗಿತ್ತು. ಅಳತೆ ಮುಗಿಯಲು ಮೂರು ದಿನ ಇದೆ ಎನ್ನುವಾಗ ಮೇಡಂ ಕಾಗದ ಬಂತು. ಮೌನಿ ಅದನ್ನು ಕೇಂದ್ರದ ಮೆಟ್ಟಿಲ ಮೇಲೆ ನಿಂತು, ಮರಗಳಿಗೂ ಕೇಳಲಿ ಎನ್ನುವ ಹಾಗೆ ಓದಿದ. ಗುರುವಾರ ಬರುತ್ತೇನೆ. ನಿಮ್ಮ ಖಾಯಮಾತಿಯ ಪತ್ರ ಸಿದ್ಧವಿದೆ, ಅಲ್ಲೇ ಸಹಿ ಹಾಕಿ ಕಳಿಸೋಣ. ಹನ್ನೊಂದು ವರ್ಷ ಒಂದೂ ಲೋಪವಿಲ್ಲದೆ ಅಳೆದಿದ್ದೀರಿ ಎಂದು ಬರೆದಿದ್ದೇನೆ.

ಕಾಗದದ ಕೊನೆಯಲ್ಲಿ ಇನ್ನೆರಡು ಸಾಲಿದ್ದವು. ನೆರಳಿನ ಪ್ಲಾಟಿನ ಗಿಡಗಳೂ ಈಚಿನ ವರ್ಷಗಳಲ್ಲಿ ಚೆನ್ನಾಗಿ ಬೆಳೆಯುತ್ತಿರುವುದು ಅಚ್ಚರಿ. ಕಿಂಡಿ ತೆಗೆಯದೆಯೂ ಎಳೆಯ ಮರಗಳು ಏಳುತ್ತವೆ ಎಂದಾದರೆ, ಬೇರೆ ಕಾಡುಗಳಲ್ಲಿ ಕಿಂಡಿ ತೆಗೆಯುವ ಯೋಜನೆ ಕೈಬಿಡಬಹುದು ಎಂದು ವರದಿ ಬರೆಯುತ್ತಿದ್ದೇನೆ.

"ಅಕ್ಕ ಖಾಯಂ!" ಎಂದ ಮೌನಿ. "ಇನ್ನು ಜ್ವರ ಬಂದರೂ ಸಂಬಳ. ನಾನಂತೂ ನಾಳೆಯಿಂದ ನಿಮಗೆ ಅಮ್ಮಾವ್ರೇ ಅಂತೀನಿ."

"ಮೊದಲು ಪುಸ್ತಕ ತಗೋ," ಎಂದಳು ದೊಡ್ಡಮ್ಮ. ಆದರೆ ಅವತ್ತು ಅವಳು ಒಂದು ಸಂಖ್ಯೆಯನ್ನು ಎರಡು ಸಲ ಕೂಗಿದಳು ಎಂದು ಮೌನಿ ಹೇಳುತ್ತಾನೆ.

ಮಾರನೆಯ ದಿನ ಮಧ್ಯಾಹ್ನ ನೆರಳಿನ ಪ್ಲಾಟಿನಲ್ಲಿ ಕೂತು ಇಬ್ಬರೂ ಬುತ್ತಿ ಬಿಚ್ಚಿದ್ದರು. ಹೊತ್ತು ನೆತ್ತಿಗೆ ಬಂದಿತ್ತು. ತರಗೆಲೆಯ ಮೇಲೆ ಅಲ್ಲಲ್ಲಿ ತಟ್ಟೆಯಗಲದ ಬಿಸಿಲು ಬಿದ್ದಿತ್ತು. ದೊಡ್ಡಮ್ಮ ತುತ್ತು ಎತ್ತಿದವಳು ಹಾಗೇ ನೋಡುತ್ತ ಕೂತಳು. ಬಿಸಿಲು ಬಿದ್ದದ್ದು ಅರವತ್ತಮೂರರ ಮೇಲೆ. ಅದರ ಪಕ್ಕದ ಚೀಟಿಯಿಲ್ಲದ ಗಿಡದ ಮೇಲೆ ಇಲ್ಲ. ಅದರಾಚೆಯ ಅರವತ್ತನಾಲ್ಕರ ಮೇಲೆ ಇದೆ. ಮತ್ತೊಂದು ಚೀಟಿಯಿಲ್ಲದ್ದು, ಅದರ ಮೇಲಿಲ್ಲ. ಅರವತ್ತೈದರ ಮೇಲೆ ಇದೆ.

ಅವಳು ಕೈ ತೊಳೆದು ಎದ್ದು ಕೋಲನ್ನು ಅರವತ್ತಮೂರರ ಪಕ್ಕ ನಿಲ್ಲಿಸಿದಳು. ಕೋಲು ಒಂದೆಲೆಗೂ ತಾಗದೆ ನೆಟ್ಟಗೆ ನಿಂತಿತು. ಮೇಲೆ ನೋಡಿದಳು. ದೊಡ್ಡ ಮರಗಳ ಎಲೆಯ ಮಾಡು ಹಾಗೇ ಇತ್ತು, ಅದನ್ನು ಯಾರೂ ಮುಟ್ಟಿಲ್ಲ. ಅದರ ಸಂದಿಯಿಂದ ಚೂರು ಬಿಸಿಲು ಇಳಿಯುವುದು ಮೊದಲಿನಿಂದಲೂ ಇದ್ದದ್ದೇ. ಆದರೆ ಅದರ ಕೆಳಗೆ ಪೊದೆ, ಬಳ್ಳಿ, ಸಣ್ಣ ಮರಗಳ ಕೊಂಬೆ ಎಲ್ಲ ಸೇರಿ ಇನ್ನೊಂದು ತಗ್ಗಿನ ಮಾಡು ಇರುತ್ತದೆ. ಆ ಮಾಡಿನಲ್ಲಿ ಕೋಲು ನಿಂತಲ್ಲಿ ಒಂದು ಬಾವಿಯಷ್ಟು ತೂತು. ತೂತಿನ ಸುತ್ತ ಮುರಿದ ಕಡ್ಡಿಗಳ ತುದಿ. ಕೆಲವು ಹೊಸವು, ಬೆಳ್ಳಗೆ. ಹೆಚ್ಚಿನವು ಹಳೆಯವು, ಗಾಯ ಮಾಗಿ ಗಂಟು ಕಟ್ಟಿದವು.

ಮುರಿದದ್ದು ಅವಳ ಕೈಯೇ. ಮೊಣಕಾಲೆತ್ತರದ ಗಿಡದ ಪಕ್ಕ ನಾಲ್ಕು ಮೀಟರಿನ ಕೋಲು ನೆಟ್ಟಗೆ ನಿಲ್ಲಬೇಕಾದರೆ ಮೇಲೆ ಕಡ್ಡಿ ಅಡ್ಡ ಬರುತ್ತದೆ. ಸೋಮಾರಿಯಾಗಿದ್ದರೆ ಕೋಲನ್ನು ಓರೆ ಹಿಡಿಯುತ್ತಿದ್ದಳು, ಇಲ್ಲವೇ ಮೋಟು ಕಡ್ಡಿ ತರುತ್ತಿದ್ದಳು. ಅವಳು ಗುಂಡಿನ ದಾರ ಅಲುಗದೆ ನಿಲ್ಲುವವರೆಗೆ ಅಡ್ಡ ಬಂದದ್ದನ್ನು ಚಿಟಕ್ ಚಿಟಕ್ ಎಂದು ಮುರಿದು ಹಾಕಿದ್ದಳು. ಒಂದು ವರ್ಷಕ್ಕೆ ಒಂದು ಗಿಡಕ್ಕೆ ಮೂರೋ ನಾಲ್ಕೋ ಕಡ್ಡಿ. ಹನ್ನೊಂದು ವರ್ಷ. ಅದೂ ಚೀಟಿ ಇರುವ ಗಿಡದ ಮೇಲೆ ಮಾತ್ರ.

"ಮೌನಿ, ಪುಸ್ತಕ ಬಿಚ್ಚು. ಪುಟ ಮಡಚಬೇಡ. ಅರವತ್ತಮೂರು, ಮೊದಲ ವರ್ಷದಿಂದ ಓದು."

ಅವನಿಗೆ ಆಶ್ಚರ್ಯವಾಯಿತು. "ನಲವತ್ತೇಳೂವರೆ," ಎಂದು ಶುರು ಮಾಡಿದ. "ನಲವತ್ತೆಂಟು. ನಲವತ್ತೆಂಟೂವರೆ. ಐವತ್ತು. ಐವತ್ತನಾಲ್ಕು. ಅರವತ್ತೊಂದು. ಎಪ್ಪತ್ತೆರಡು." ಮುಂದೆ ಮುಂದೆ ಹೋದಂತೆ ಅವನ ದನಿ ಸಣ್ಣಗಾಯಿತು. ಕೊನೆಯದು ನೂರಮೂವತ್ತಾರು.

ದೊಡ್ಡಮ್ಮ ಪಕ್ಕದ ಚೀಟಿಯಿಲ್ಲದ ಗಿಡಕ್ಕೆ ಟೇಪು ಹಿಡಿದಳು. ಅದೇ ಜಾತಿ, ಅದೇ ಮಣ್ಣು. ಐವತ್ತೆರಡು.

ಮೌನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಅಲ್ಲಿ ಯಾರಿರುತ್ತಾರೆ.

"ಗುರುವಾರ ಮುಗೀಲಿ ಅಕ್ಕ," ಎಂದ. "ಸಹಿ ಆಗ್ಲಿ. ಆಮೇಲೆ ಹೇಳಿದರಾಯ್ತು."

"ಆಮೇಲೆ ಹೇಳಿದರೆ ಮೊದಲೇ ಗೊತ್ತಿತ್ತು ಅಂತ ಆಗುತ್ತೆ."

"ಹಾಗಾದ್ರೆ ಹೇಳಲೇಬೇಡ. ಮೇಡಮ್ಮೇ ಖುಷಿಯಾಗಿದ್ದಾರೆ. ಯಾರೂ ಕುಂಬಳಕಾಯಿ ಕಳ್ಳ ಅಂದಿಲ್ಲ, ನೀನ್ಯಾಕೆ ಹೆಗಲು ಮುಟ್ಕೋತೀಯ?"

"ಹೆಗಲ ಮೇಲೆ ಇದೆಯಲ್ಲೋ."

"ಕಡ್ಡಿ ಮುರಿದದ್ದು ಅಪರಾಧಾನಾ? ನೀನು ಹೋಗ್ದೇ ಇದ್ರೆ ದನ ಬಂದು ಮುರೀತಿತ್ತು."

"ದನ ಚೀಟಿ ನೋಡಿ ಮುರಿಯಲ್ಲ," ಎಂದಳು ದೊಡ್ಡಮ್ಮ.

ಮೌನಿ ಸಂಜೆಯವರೆಗೆ ಮಾತಾಡುತ್ತಲೇ ಇದ್ದ. ನಿನ್ನ ಹೊಟ್ಟೆ ಮೇಲೆ ನೀನೇ ಕಲ್ಲು ಹಾಕ್ಕೋತಿದ್ದೀಯ ಎಂದ. ಇನ್ನು ಏಳು ತಿಂಗಳು ಕಳೆದರೆ ಬ್ರಹ್ಮ ಬಂದರೂ ನಿನ್ನ ಖಾಯಂ ಮಾಡಕ್ಕಾಗಲ್ಲ ಎಂದ. ಅವಳು ಅಷ್ಟನ್ನೂ ಕೇಳಿಸಿಕೊಳ್ಳುತ್ತ ಚೀಟಿಯಿಲ್ಲದ ಗಿಡಗಳನ್ನು ಒಂದೊಂದಾಗಿ ಅಳೆದಳು. ಅವತ್ತು ಇಪ್ಪತ್ತು, ಮರುದಿನ ನಲವತ್ತು. ಎಲ್ಲೂ ಕಡ್ಡಿ ಮುರಿಯದೆ, ಮಂಡಿಯೂರಿ. ಮರುದಿನ ದೊಡ್ಡಪ್ಪನ ಹೊಲಿಗೆ ಟೇಪನ್ನು ಬೇಕೆಂದೇ ಎತ್ತಿಕೊಂಡು ಬಂದಿದ್ದಳು, ಮೆತ್ತಗಿರುತ್ತದೆ, ಹಿಂಬದಿಯಲ್ಲಿ ಸೆಂಟಿಮೀಟರೂ ಇದೆ ಎಂದು. ಅರವತ್ತರಲ್ಲಿ ಐವತ್ತೇಳು ಗಿಡ ಸೊಂಟದ ಕೆಳಗೇ ಇದ್ದವು. ಅವುಗಳ ಎಲೆಗಳು ಅಗಲವಾಗಿ, ತೆಳ್ಳಗೆ, ಕಡುಹಸಿರಾಗಿದ್ದವು, ನೆರಳಿನ ಎಲೆ. ಚೀಟಿಯ ಗಿಡಗಳ ಮೇಲಿನ ಎಲೆಗಳು ಕಿಂಡಿಯಲ್ಲಿ ಎರಡನೆಯ ವರ್ಷ ಬಂದಂಥವು, ಚಿಕ್ಕವು, ಗಟ್ಟಿ. ಅವಳು ಇದನ್ನು ಎಷ್ಟೋ ಸಲ ಕೈಯಿಂದ ಸರಿಸಿದ್ದಳು, ನೋಡಿರಲಿಲ್ಲ. ಅವಳ ಕಣ್ಣು ಯಾವಾಗಲೂ ಕೋಲಿನ ಪಟ್ಟಿಯ ಮೇಲಿತ್ತು.

ಬುಧವಾರ ಸಂಜೆ ಅಂಗಡಿಯಲ್ಲಿ ದೊಡ್ಡಪ್ಪ ಒಂದು ಕೋಟಿನ ತೋಳು ಬಿಚ್ಚುತ್ತಿದ್ದರು. ತಾವೇ ಹೊಲಿದದ್ದನ್ನು ಬಿಚ್ಚುವಾಗ ಅವರು ಮಾತಾಡುವುದು ಕಡಿಮೆ. ದೊಡ್ಡಮ್ಮ ಟೇಪನ್ನು ಗೂಟಕ್ಕೆ ಹಾಕಿ ಸ್ಟೂಲಿನ ಮೇಲೆ ಕೂತಳು.

"ರೀ, ಅಳತೆ ತಗೊಳ್ಳೋವಾಗ ನೀವೇ ಗಿರಾಕಿ ಭುಜ ಹಿಡಿದು ಎತ್ತಿಬಿಟ್ರೆ?"

"ತೋಳು ಉದ್ದ ಆಗುತ್ತೆ. ಇದೇ ನೋಡು," ಎಂದು ಕೈಯಲ್ಲಿದ್ದ ಕೋಟು ತೋರಿಸಿದರು. "ನೆಟ್ಟಗೆ ನಿಂತ್ಕೊಳ್ಳಿ ಸಾರ್ ಅಂದೆ. ಪಾಪ, ನಿಂತ್ರು. ಅವರು ಹುಟ್ಟಿದಾಗಿನಿಂದ ಹಾಗೆ ನಿಂತಿರಲಿಲ್ಲ, ಆಮೇಲೂ ನಿಲ್ಲಲಿಲ್ಲ. ಈಗ ತೋಳು ಬೆರಳು ಮುಚ್ಚುತ್ತೆ."

"ಅವರು ವಾಪಸ್ ತಂದುಕೊಟ್ರು."

"ತರದೇ ಏನು ಮಾಡ್ತಾರೆ? ಬೈದು ಕೊಟ್ರು."

"ಗಿಡ ವಾಪಸ್ ಬರಲ್ಲ," ಎಂದಳು ದೊಡ್ಡಮ್ಮ. ಆಮೇಲೆ ಎಲ್ಲವನ್ನೂ ಹೇಳಿದಳು.

ದೊಡ್ಡಪ್ಪ ಕತ್ತರಿ ಕೆಳಗಿಟ್ಟು ಕೇಳಿದರು. ಖಾಯಮಾದರೆ ಹಿಂದಿನ ಕೋಣೆಗೆ ಮಾಡು ಹಾಕಿಸುವ ಮಾತು ಮನೆಯಲ್ಲಿ ಎರಡು ವರ್ಷದಿಂದ ಇತ್ತು. ಅದನ್ನು ಅವರು ಎತ್ತಲಿಲ್ಲ. "ನಿನ್ನ ಮೇಡಂ ಬುದ್ಧಿವಂತರು ಅಲ್ವಾ, ಅವರಿಗೇ ಗೊತ್ತಾಗಲ್ವಾ?" ಎಂದು ಮಾತ್ರ ಕೇಳಿದರು.

"ಅವರು ಕೂಡೋದು ನಾನು ಬರೆಸಿದ್ದನ್ನ."

"ಹೂಂ," ಎಂದರು ದೊಡ್ಡಪ್ಪ. ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡು, "ಹೇಳ್ಬೇಕು ಅಂತ ತೀರ್ಮಾನ ಮಾಡಿಯಾಗಿದೆ. ನನ್ನ ಹತ್ರ ಬಂದಿರೋದು ಗುಂಡಿ ಹೊಲಿಸೋಕೆ ಅಷ್ಟೇ" ಎಂದರು. ಅವಳು ನಕ್ಕಳು. ಆ ವಾರ ನಕ್ಕದ್ದು ಅದೊಂದೇ ಸಲ.

ಗುರುವಾರ ಮೇಡಂ ಹನ್ನೊಂದು ಗಂಟೆಗೆ ಬಂದರು. ಮೂರನೆಯ ಕೋಣೆಯ ಬೀಗ ತೆಗೆದು ಮೇಜಿನ ಮೇಲಿನ ಧೂಳನ್ನು ತಾವೇ ಒರೆಸಿ, ಚೀಲದಿಂದ ಪತ್ರ ತೆಗೆದಿಟ್ಟರು. ಮೌನಿ ಬಾಗಿಲಲ್ಲಿ ನಿಂತು ದೊಡ್ಡಮ್ಮನಿಗೆ ಕಣ್ಣಿನಲ್ಲೇ ಏನೇನೋ ಹೇಳುತ್ತಿದ್ದ.

"ಮೇಡಂ, ಸಹಿಗೆ ಮೊದಲು ನೆರಳಿನ ಪ್ಲಾಟಿಗೆ ಬರಬೇಕು."

"ಊಟ ಮಾಡಿ ಹೋಗೋಣ. ಎಲ್ಲಿ ಓಡಿಹೋಗುತ್ತೆ?"

"ಹೊತ್ತು ನೆತ್ತಿ ಮೇಲೆ ಇರೋವಾಗಲೇ ನೋಡ್ಬೇಕು."

ಪ್ಲಾಟಿನಲ್ಲಿ ದೊಡ್ಡಮ್ಮ ವಿವರಣೆ ಕೊಡಲಿಲ್ಲ. ಅವಳಿಗೆ ಮೇಡಂ ಮುಂದೆ ಉದ್ದ ಮಾತು ಬರುವುದಿಲ್ಲ. ಅರವತ್ತಮೂರರ ಪಕ್ಕ ಕೋಲು ನಿಲ್ಲಿಸಿ ಕೈ ಬಿಟ್ಟಳು. ಅದು ಬೀಳುವ ಮುಂಚೆ ಹಿಡಿದು, ಮೇಡಂ ಕೈಗೆ ಕೊಟ್ಟು, "ಇದರ ಪಕ್ಕದ್ದಕ್ಕೆ ನೀವು ನಿಲ್ಲಿಸಿ ನೋಡಿ" ಎಂದಳು. ಮೇಡಂ ನಿಲ್ಲಿಸಹೋದರು. ಕೋಲು ಎದೆಮಟ್ಟದಲ್ಲೇ ಕಡ್ಡಿಗಳಲ್ಲಿ ಸಿಕ್ಕಿಕೊಂಡಿತು. ಅವರ ಕೈ ತಾನಾಗಿಯೇ ಅಡ್ಡ ಬಂದ ಒಂದು ಕಡ್ಡಿಯತ್ತ ಹೋಯಿತು. ಮುರಿಯುವ ಮುಂಚೆ ಅಲ್ಲೇ ನಿಂತಿತು.

ಮೇಡಂ ಬಹಳ ಹೊತ್ತು ಮೇಲೆ ನೋಡಿದರು. ಮತ್ತೊಂದು ಚೀಟಿಯ ಗಿಡಕ್ಕೆ ಹೋದರು, ಇನ್ನೊಂದಕ್ಕೆ ಹೋದರು. ಮಾಗಿದ ಗಂಟುಗಳನ್ನು ಬೆರಳಿನಿಂದ ಮುಟ್ಟಿದರು. ದೊಡ್ಡಮ್ಮ ಅರವತ್ತು ಗಿಡಗಳ ಅಳತೆಯ ಹಾಳೆ ಕೊಟ್ಟಳು.

"ಯಾವ ವರ್ಷ, ಯಾವ ಗಿಡದ ಮೇಲೆ, ಎಷ್ಟು ಕಡ್ಡಿ ಮುರಿದ್ರಿ ಅಂತ ಬರೆದಿಟ್ಟಿದ್ದೀರಾ?"

"ಇಲ್ಲ ಮೇಡಂ. ಅದನ್ನ ಬರೀಬೇಕು ಅಂತ ಹೊಳೀಲಿಲ್ಲ."

"ಅಂದಾಜು?"

"ಅಂದಾಜಿಂದ ಬರೆಸಲ್ಲ."

ಮೇಡಂ ತಲೆಯಾಡಿಸಿದರು. "ಬರೆದಿದ್ದಿದ್ರೆ ಇದೇ ಒಂದು ಪರೀಕ್ಷೆ ಆಗ್ತಿತ್ತು. ಇಷ್ಟು ಚೂರು ಬೆಳಕಿಗೆ ದಪ್ಪೆಲೆ ಹೀಗೆ ಏಳುತ್ತೆ ಅಂತ ನನಗೂ ಗೊತ್ತಿರಲಿಲ್ಲ." ಆಮೇಲೆ ಕೋಲನ್ನು ಮೌನಿಗೆ ಕೊಡುತ್ತ, "ಎರಡು ಕಡೆಗೂ ಒಂದೇ ಕೋಲು ಅಂತ ನಿಯಮ ಬರೆದವಳು ನಾನು. ಹನ್ನೊಂದು ಸಲ ಬಂದು ಇಲ್ಲೇ ನಿಂತಿದ್ದೀನಿ" ಎಂದರು. ಅದನ್ನು ಯಾರಿಗೆ ಹೇಳಿದರೋ.

ವಾಪಸ್ ಬಂದು ಮೇಡಂ ಪುಸ್ತಕ ತೆರೆದು, ನೆರಳಿನ ಪ್ಲಾಟಿನ ಪುಟಗಳಲ್ಲಿ ಮೂರನೆಯ ವರ್ಷದಿಂದ ಈಚಿನ ಕಂಬಸಾಲುಗಳ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು. ಒಂದು ಪುಟಕ್ಕೆ ಒಂದು ಗೆರೆ, ಸ್ಕೇಲು ಇಟ್ಟು. ಮೊದಲ ಎರಡು ವರ್ಷ ಉಳಿಯಿತು. ವರದಿ ನಿಂತಿತು, ಕಿಂಡಿಯ ಯೋಜನೆ ಕೈಬಿಡುವ ಮಾತೂ ನಿಂತಿತು. ಅಷ್ಟು ಮುಗಿಸಿ ಖಾಯಮಾತಿಯ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಒಂದೂ ಲೋಪವಿಲ್ಲದೆ ಅಂತ ಇದೆ. ಇದರ ಕೆಳಗೆ ನಾನು ಸಹಿ ಹಾಕಕ್ಕಾಗಲ್ಲ."

"ಗೊತ್ತು ಮೇಡಂ."

"ತಪ್ಪನ್ನ ತಾವೇ ಕಂಡುಹಿಡಿದು ತೋರಿಸಿದರು ಅಂತ ಬೇರೆ ಬರೆದು ಕಳಿಸ್ತೀನಿ. ಮೇಲಿನವರು ಒಪ್ತಾರೆ ಅಂತ ಮಾತು ಕೊಡಕ್ಕಾಗಲ್ಲ."

"ಹಾಗೇ ಬರೀರಿ," ಎಂದಳು ದೊಡ್ಡಮ್ಮ. ಮೌನಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವತ್ತು ಮಧ್ಯಾಹ್ನ ಅವನು ಒಂದು ಮಾತೂ ಆಡಲಿಲ್ಲವಂತೆ. ಇದನ್ನು ದೊಡ್ಡಮ್ಮ ಆಣೆ ಇಟ್ಟು ಹೇಳುತ್ತಾಳೆ. ಬೀದಿಯಲ್ಲಿ ಯಾರೂ ನಂಬುವುದಿಲ್ಲ.

ಬೇರೆ ಬರೆದ ಪತ್ರಕ್ಕೆ ಉತ್ತರ ಬಂದದ್ದು ಆರು ತಿಂಗಳ ಮೇಲೆ. ದಾಖಲೆಗಳಲ್ಲಿ ಲೋಪ ಕಂಡುಬಂದಿರುವುದರಿಂದ ಸದ್ಯಕ್ಕೆ ಪರಿಗಣಿಸಲಾಗದು ಎಂದಿತ್ತು. ಸದ್ಯಕ್ಕೆ ಎನ್ನುವ ಪದವನ್ನು ಮೌನಿ ಎರಡು ಸಲ ಓದಿ, ಆಸೆ ಇದೆ ಅಕ್ಕ ಎಂದ. ಮುಂದಿನ ತಿಂಗಳು ಅವಳಿಗೆ ನಲವತ್ತೆಂಟು ತುಂಬಿತು.

ಈಗ ಹಳೆಯ ನೆರಳಿನ ಪ್ಲಾಟಿನಿಂದ ಮುನ್ನೂರು ಹೆಜ್ಜೆ ಒಳಗೆ ಹೊಸದೊಂದು ಗುರುತು ಹಾಕಿದ್ದಾರೆ. ಅಲ್ಲಿಗೆ ಒಂದು ಮೀಟರಿನ ಕೋಲು. ಸಾಲುಗಳ ನಡುವೆ ಓಡಾಡಲು ಒಂದೇ ಒಂದು ಕಾಲುದಾರಿ, ಅದೂ ಗಿಡಗಳಿಂದ ದೂರ. ಕಡ್ಡಿ ಮುರಿಯುವಂತಿಲ್ಲ, ಗೊತ್ತಿಲ್ಲದೆ ಮುರಿದರೆ ಎಷ್ಟು ಎಂದು ಬರೆಯಲು ಪುಸ್ತಕದಲ್ಲಿ ಬೇರೆಯೇ ಕಂಬಸಾಲು. ಮೊದಲ ವರ್ಷದ ಅಳತೆಯಲ್ಲಿ ನೂರಿಪ್ಪತ್ತು ಗಿಡಕ್ಕೆ ದೊಡ್ಡಮ್ಮ ನಾಲ್ಕು ಕಡ್ಡಿ ಬರೆಸಿದಳು. ಅದರಲ್ಲಿ ಮೂರು ಮೌನಿಯ ಮೊಣಕೈ ಮುರಿದದ್ದು. ಏನಾದರೂ ತಿಳಿಯಬೇಕಾದರೆ ಆರೇಳು ವರ್ಷ ಬೇಕು ಎಂದು ಮೇಡಂ ಹೇಳಿದ್ದಾರೆ. ದಿನಗೂಲಿಗೆ ವಯಸ್ಸಿನ ಲೆಕ್ಕ ಇಲ್ಲವಾದ್ದರಿಂದ ಅಷ್ಟು ವರ್ಷ ಅವಳೇ ಅಳೆಯಬಹುದು.

ಬೇಜಾರಾಯಿತಾ ಎಂದು ಒಂದು ದಿನ ದೊಡ್ಡಪ್ಪ ಕೇಳಿದರು, ಗುಂಡಿಯ ಕಾಜಾ ಹೊಲಿಯುತ್ತ, ತಲೆ ಎತ್ತದೆ.

"ಇಲ್ಲ ಅಂದ್ರೆ ಸುಳ್ಳು," ಎಂದಳು ದೊಡ್ಡಮ್ಮ. "ಹಳೇ ಪ್ಲಾಟಿನ ಗಿಡಗಳನ್ನ ಈಗ ಯಾರೂ ಅಳೆಯಲ್ಲ ರೀ. ಚೀಟಿ ಬಿಚ್ಚಿಬಿಟ್ವಿ. ಅವು ಮಾತ್ರ ಬೆಳೀತಾನೇ ಇವೆ. ಮೊನ್ನೆ ನೋಡಿದೆ, ಅರವತ್ತಮೂರು ನನಗಿಂತ ಎತ್ತರ ಆಗಿದೆ."

"ಎಷ್ಟು?"

"ಅಳೆದಿಲ್ಲ."

ನಾನು ಇದನ್ನು ನಾಳೆ ಮಧ್ಯಾಹ್ನ ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಅವಳು ತಪ್ಪು ಎಂದದ್ದನ್ನು ತಿದ್ದಿ, ಇನ್ನೊಂದು ಸಲ ಬರೆಯುತ್ತೇನೆ.